ಅಗಲ ಟೈರಿನ ಹಸಿರು ವಂಡಿ

ಚೆನ್ನೈ
12 ಜನವರಿ 2025

ತೀರ್ಥರೂಪ ಸಮಾನರಾದ ಮಾವನವರಿಗೆ ವಿಭಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನಾನೊಬ್ಬಳೇ ಮಾತಾಡೋದು, ಆ ಕಡೆಯಿಂದ ನೀವು ಮೇಜು ತಟ್ಟೋದು, ಇಬ್ಬರಿಗೂ ಸಾಕಾಗಿತ್ತು. ಗಂಟಲಿನ ಆಪರೇಷನ್ ಆದಮೇಲೆ ನಿಮ್ಮಿಂದ ಬಂದ ಮೊದಲ ಒಳ್ಳೇ ಸುದ್ದಿ ಅಂದರೆ "ಇನ್ನುಮೇಲೆ ಕಾಗದ ಬರಿ" ಅಂತ ನೀವು ಚೀಟಿ ಬರೆದು ಪ್ರೇಮತ್ತೆ ಕೈಲಿ ಓದಿಸಿದ್ದು. ಮೈಸೂರಿನ ಚಳಿ ಒಗ್ಗಿದೆಯಾ? ತಂಗಿಯ ಮನೆಯಲ್ಲಿ ಕಾಫಿಗೆ ಸಕ್ಕರೆ ಎಷ್ಟು ಅಂತ ಜಗಳ ನಡೀತಿರಬೇಕು.

ವಿಷಯಕ್ಕೆ ಬರ್ತೀನಿ. ಕಾರಿಗೆ ಅಗಲದ ಚಕ್ರ, ಅಗಲದ ಟೈರು ಹಾಕಿಸಬೇಕು ಅಂತಿದ್ದೀನಿ. ಆ ಕಡ್ಡಿ ಚಕ್ರಗಳು ನೋಡೋಕೆ ಚೆಂದ, ಆದರೆ ಸೈಕಲ್ಲಿನ ಚಕ್ರದ ಹಾಗೆ. ನವೆಂಬರ್ ಮಳೆಯಲ್ಲಿ ಇಲ್ಲಿನ ಕೋವಳಂ ಹತ್ತಿರ ಒಂದು ಸಲ ಸ್ವಲ್ಪ ಜಾರಿತು. ಏನೂ ಆಗಲಿಲ್ಲ. ಆದರೂ ಅವತ್ತಿನಿಂದ ತಲೆಯಲ್ಲಿ ಅದೇ ತಿರುಗ್ತಿದೆ. ರಾಯಪುರಂನಲ್ಲಿ ಜಯಪ್ರಕಾಶ್ ಅಂತ ಒಬ್ಬರು, ಹಳೇ ಕಾರುಗಳ ಶೆಡ್ ಇಟ್ಟಿದ್ದಾರೆ. ನಮ್ಮ ಎರಡೇ ಸೀಟಿನ ಹಸಿರು ಎಂ.ಜಿ.ಗೆ ಹೊಂದೋ ಚಕ್ರ ತರಿಸಿಕೊಡ್ತೀನಿ ಅಂದರು. ಹಿಂದಿನ ಎರಡು ಚಕ್ರಗಳ ಮೇಲೆ ಬಾಡಿಯ ಒಳಅಂಚು ತಾಗಬಹುದು, ಅದನ್ನ ಸ್ವಲ್ಪ ಮಡಿಸಬೇಕಾಗುತ್ತಂತೆ.

ನಿಮ್ಮನ್ನ ಕೇಳದೆ ಮಾಡಬಾರದು ಅಂತ ಬರೆದೆ. ಇಲ್ಲಿ ಎಲ್ಲ ಎಂದಿನ ಹಾಗೇ.

ವಿಭಾ

ಒಂದು ಮಾತು. ಅಡ್ಯಾರಿನ ಮನೆಗೆ ಪೋಸ್ಟ್ ಸರಿಯಾಗಿ ಬರ್ತಿಲ್ಲ. ನನ್ನ ನುಂಗಂಬಾಕ್ಕಂ ಆಫೀಸಿನ ವಿಳಾಸಕ್ಕೇ ಬರೀರಿ, ಕೆಳಗೆ ಕೊಟ್ಟಿದ್ದೀನಿ.

*

ಮೈಸೂರು
20 ಜನವರಿ 2025

ಚಿ. ಸೌ. ವಿಭಾಗೆ ಕಿಟ್ಟು ಮಾವನ ಆಶೀರ್ವಾದಗಳು.

ಬೇಡ.

ಕಾರಣ ಬರೀತೀನಿ, ಇಲ್ಲದಿದ್ರೆ ಮುದುಕನಿಗೆ ಹಠ ಅಂತೀಯ. ಅಗಲ ಟೈರು ಒಣ ರೋಡಲ್ಲಿ ಚೆನ್ನಾಗಿ ಕಚ್ಚಿಕೊಳ್ಳುತ್ತೆ, ಒಪ್ಪಿದೆ. ನೀರು ನಿಂತ ರೋಡಲ್ಲಿ ಅದು ತೆಪ್ಪ. ಸಣ್ಣ ಟೈರು ನೀರನ್ನ ಸೀಳ್ಕೊಂಡು ಹೋಗುತ್ತೆ. ನೀನು ಜಾರಿದ್ದು ಟೈರು ಸಣ್ಣದು ಅಂತ ಅಲ್ಲ, ಹಳೇದು ಅಂತ. ಅದೇ ಅಳತೆಯ ಹೊಸ ಟೈರು ಹಾಕಿಸು, ಶರಿ ಹೋಗುತ್ತೆ. ಶೋಲಾವರಂ ರನ್‌ವೇ ಮೇಲೆ ಅದೇ ಸೈಕಲ್ ಚಕ್ರದಲ್ಲಿ ನಾನು ರೇಸಿನಲ್ಲಿ ದೊಡ್ಡ ದೊಡ್ಡ ವಂಡಿಗಳನ್ನ ಹಿಂದೆ ಹಾಕಿದ್ದೀನಿ. ಜಾರುತ್ತೆ ಅಂತ ಮೊದಲೇ ಹೇಳಿ ಜಾರೋ ವಂಡಿ ಅದು. ಅಗಲ ಟೈರು ಹೇಳಲ್ಲ, ತಟ್ಟಂತ ಬಿಟ್ಟುಬಿಡುತ್ತೆ.

ಅಪ್ಪುರಂ, ಆಮೇಲೆ ಇನ್ನೊಂದು, ಸ್ಟೀರಿಂಗ್ ಕಲ್ಲಾಗುತ್ತೆ. ನಿಂತಲ್ಲಿ ತಿರುಗಿಸೋಕೆ ಎರಡು ಭುಜವೂ ಬೇಕು. ನಿನಗೆ ವಯಸ್ಸಿದೆ. ಆದರೆ ಆ ವಂಡಿ ನೀನೊಬ್ಬಳೇ ಓಡಿಸೋದಲ್ಲವಲ್ಲ.

ತೇಜು ಇದಕ್ಕೆ ಏನಂದ? ನನ್ನ ಮಗನಿಗೆ ವಂಡಿ ಅಂದರೆ ತಲೆನೋವು, ಆದರೂ ಮನೇಲಿ ಒಂದು ಮಾತು ಕೇಳು. ಅವನ ಕಾಗದ ಇಲ್ಲ, ಫೋನಲ್ಲಿ ಪ್ರೇಮಳ ಹತ್ತಿರ "ಅಪ್ಪ ಊಟ ಮಾಡಿದ್ರಾ" ಅಂತ ಕೇಳಿ ಇಟ್ಟುಬಿಡ್ತಾನೆ.

ಪ್ರೇಮ ಸಕ್ಕರೆಯನ್ನೇ ಹಾಕ್ತಿಲ್ಲ. ಜಗಳ ಆಡೋಕೆ ನನಗೆ ಧ್ವನಿ ಇಲ್ಲ ಅಂತ ಧೈರ್ಯ ಅವಳಿಗೆ.

ಕಿಟ್ಟು ಮಾವ

*

ಚೆನ್ನೈ
2 ಫೆಬ್ರವರಿ 2025

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಆಫೀಸಿನಲ್ಲೇ ನಿಂತುಕೊಂಡು ಓದಿದೆ. ಎರಡು ಸಲ. "ನೀನೊಬ್ಬಳೇ ಓಡಿಸೋದಲ್ಲವಲ್ಲ" ಅಂದಿದ್ದೀರಿ. ತೇಜಸ್ ಅದರ ಬಾಗಿಲು ಮುಟ್ಟಿ ವರ್ಷಗಳಾಯಿತು, ನಿಮಗೇ ಗೊತ್ತು. ಕಾರು ನಿಮ್ಮದು ಅಂತ ನೆನಪು ಮಾಡೋಕೆ ಬರೆದಿದ್ದರೆ, ನನಗೆ ಮರೆತಿಲ್ಲ. ಹಾರ್ಬರ್ ರೋಡಿನಲ್ಲಿ ಭಾನುವಾರ ಭಾನುವಾರ ಪಕ್ಕದಲ್ಲಿ ಕೂತು ಕಲಿಸಿದವರು ನೀವು. ಕ್ಲಚ್ ಬಿಡುವಾಗಲೆಲ್ಲ "ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ" ಅಂತಿದ್ದಿರಿ.

ಸುಮ್ಮನೆ ಇರೋಕೆ ಆಗ್ತಿಲ್ಲ ಮಾವ. ಆಫೀಸಿನಲ್ಲಿ ದಿನವಿಡೀ ಬೇರೆಯವರ ಮನೆಗಳ ನಕ್ಷೆ ತಿದ್ದುತ್ತೀನಿ. ಕೂತಲ್ಲಿ ಕೂರಲ್ಲ, ಕಾಲು ಅಲ್ಲಾಡಿಸ್ತಾನೇ ಇರ್ತೀನಿ ಅಂತ ಪಕ್ಕದ ಮೇಜಿನ ಅಶ್ವಿತಾ ಬೈತಾಳೆ. ಬೆಳಿಗ್ಗೆ ಕಾರು ತೆಗೆದುಕೊಂಡು ಮುಟ್ಟುಕಾಡು ತನಕ ಹೋಗಿ ಬಂದರೆ ಅವತ್ತಿನ ದಿನ ದಾಟುತ್ತೆ. ಅಷ್ಟೊಂದು ನಂಬಿಕೊಂಡಿರೋ ವಸ್ತು ಕಾಲ ಕೆಳಗಿಂದ ಜಾರಬಾರದು ಅನಿಸುತ್ತೆ. ಇದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇಲ್ಲ.

ಚಕ್ರಗಳಿಗೆ ಹೇಳಿಬಿಟ್ಟಿದ್ದೀನಿ.

ತೇಜಸ್ ಏನೂ ಅನ್ನಲಿಲ್ಲ.

ವಿಭಾ

*

ಮೈಸೂರು
11 ಫೆಬ್ರವರಿ 2025

ಚಿ. ಸೌ. ವಿಭಾಗೆ ಆಶೀರ್ವಾದಗಳು.

ಕೇಳಿ ಮಾಡೋದು ಅಂದರೆ ಇದಾ? ಕೇಳೋದು, ಬೇಡ ಅಂದಮೇಲೆ ಮಾಡೋದು!

ಸಿಟ್ಟು ಇಲ್ಲ. ಒಂದು ನಡುದಾರಿ ಹೇಳ್ತೀನಿ. ಜೂನ್ ಮೊದಲ ವಾರ ಆಸ್ಪತ್ರೆ ಚೆಕಪ್‌ಗೆ ನಾನು ಮದ್ರಾಸಿಗೆ ಬರಬೇಕು. ಅಲ್ಲಿ ತನಕ ತಡಿ. ಹಳೇ ಚಕ್ರದಲ್ಲೇ ನನಗೊಂದು ಸಲ ಓಡಿಸೋಕೆ ಬಿಡು. ಅದಾದಮೇಲೆ ಟ್ರಾಕ್ಟರ್ ಟೈರು ಬೇಕಾದರೂ ಹಾಕಿಸು, ನಾನು ಕೇಳಲ್ಲ.

ವಂಡಿಯ ತಗಡಿಗೆ ಮಾತ್ರ ಸುತ್ತಿಗೆ ಮುಟ್ಟಿಸಬೇಡ. ತಗಡು ಒಂದು ಸಲ ಮಡಿಸಿದರೆ ಮಡಿಸಿದ ಹಾಗೇ. ಚಕ್ರ ಬಿಚ್ಚಬಹುದು, ತಗಡಿನ ಗಾಯ ಹೋಗಲ್ಲ.

ಅಡ್ಯಾರಿಗೆ ನಲವತ್ತು ವರ್ಷ ಕಾಗದ ಬಂದಿದೆ. ನಾನು ಹಾರ್ಬರ್‌ನಲ್ಲಿ ಕ್ರೇನ್ ನೋಡ್ಕೋತಿದ್ದ ಕಾಲದಲ್ಲಿ ಮುಷ್ಕರ, ಪ್ರವಾಹ ಎಲ್ಲ ಆಯಿತು, ಆಗಲೂ ಬಂತು. ಈಗ ಮಾತ್ರ ಯಾಕೆ ಬರ್ತಿಲ್ಲ?

ಕಿಟ್ಟು ಮಾವ

*

ಚೆನ್ನೈ
3 ಮಾರ್ಚ್ 2025

ಮಾವನವರಿಗೆ ನಮಸ್ಕಾರ.

ನೀವು ಬೈಯೋದಾದರೆ ಪೂರ್ತಿ ಓದಿಯೇ ಬೈಯಿರಿ. ಹಾಕಿಸಿಬಿಟ್ಟೆ.

ಚಕ್ರ ಬಂದಿದ್ದು ಶುಕ್ರವಾರ. ಶನಿವಾರ ಇಡೀ ದಿನ ಶೆಡ್ಡಿನಲ್ಲೇ ಇದ್ದೆ. ಮುಂದಿನವು ಸುಲಭವಾಗಿ ಕೂತವು. ಹಿಂದಿನ ಬಲಗಡೆಯದೂ ಕೂತಿತು. ಎಡಗಡೆಯದು ಮಾತ್ರ ತಾಗಿತು. ಎರಡೂ ಕಡೆ ಅಳೆದು ನೋಡಿದರೆ ಕಾರೇ ಒಂದು ಕಡೆ ಬೆರಳಗಲ ಹೆಚ್ಚಿದೆ! "ಕೈಯಲ್ಲಿ ಕಟ್ಟಿದ ಕಾರಮ್ಮ, ಎರಡು ಕಣ್ಣೂ ಒಂದೇ ಸಮ ಇರ್ತಾವಾ?" ಅಂದರು ಜಯಪ್ರಕಾಶ್. ಅಂಚು ಮಡಿಸೋಣವಾ ಬೇಡವಾ ಅಂತ ಮಧ್ಯಾಹ್ನವೆಲ್ಲ ಅವರಿಗೂ ನನಗೂ ವಾದ. ನಿಮ್ಮ ಕಾಗದ ಚೀಲದಲ್ಲೇ ಇತ್ತು. ಕೊನೆಗೆ ಬಣ್ಣ ಸಿಡಿಯದ ಹಾಗೆ ಬಿಸಿ ಗಾಳಿ ಹಿಡಿದು ಎಡಗಡೆ ಒಂದು ಗೇಣಿನಷ್ಟು ಮಾತ್ರ ಮಡಿಸಿದೆವು. ಹೊರಗಿಂದ ಕಾಣಲ್ಲ. ಬೆರಳಿಟ್ಟರೆ ಗೊತ್ತಾಗುತ್ತೆ.

ಭಾನುವಾರ ಬೆಳಿಗ್ಗೆ ಓಡಿಸಿದೆ. ಮಾವ, ಅದು ಬೇರೆಯೇ ಕಾರು! ತಿರುವಿನಲ್ಲಿ ಮೊದಲು ನಾನು ಬೇಡಿಕೊಳ್ತಿದ್ದೆ, ಈಗ ಹೇಳ್ತೀನಿ, ಅದು ಕೇಳುತ್ತೆ. ನೀವು ಹೇಳಿದ ಹಾಗೆ ನಿಂತಲ್ಲಿ ಸ್ಟೀರಿಂಗ್ ಭಾರ, ಗಲ್ಲಿಯಿಂದ ಹೊರಗೆ ತೆಗೆಯೋಷ್ಟರಲ್ಲಿ ಬೆವೆತು ಹೋದೆ. ಇರಲಿ. ನಾಲ್ಕೈದು ತಿಂಗಳಿಂದ ಮೊದಲ ಸಲ ಏನನ್ನೋ ಹಿಡಿದುಕೊಂಡಿದ್ದೀನಿ ಅನ್ನಿಸಿತು.

ಜೂನ್‌ನಲ್ಲಿ ನೀವೇ ಓಡಿಸಿ ನೋಡಿ. ಆಮೇಲೆ ಬೈಯಿರಿ.

ವಿಭಾ

*

ಚೆನ್ನೈ
6 ಏಪ್ರಿಲ್ 2025

ಮಾವನವರಿಗೆ ನಮಸ್ಕಾರ.

ಒಂದು ತಿಂಗಳಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಆರೋಗ್ಯ ತಾನೇ? ಪ್ರೇಮತ್ತೆಗೆ ಫೋನ್ ಮಾಡಿದರೆ "ಚೆನ್ನಾಗಿದ್ದಾರಮ್ಮ, ಬರೀತಾರೆ" ಅಂದು ಬೇಗ ಇಟ್ಟರು. ಅವರು ಬೇಗ ಇಡೋರಲ್ಲ.

ತಗಡು ಮಡಿಸಿದ್ದಕ್ಕೆ ಸಿಟ್ಟಾದರೆ ಬೈದು ಬರೀರಿ. ಬರೆಯದೆ ಇರಬೇಡಿ.

ವಿಭಾ

*

ಮೈಸೂರು
14 ಏಪ್ರಿಲ್ 2025

ಚಿ. ವಿಭಾಗೆ,

ಯುಗಾದಿಗೆ ತೇಜು ಬಂದಿದ್ದ. ಹೇಳಿದ.

ಅಕ್ಟೋಬರ್‌ನಲ್ಲೇ ನೀನು ಮನೆ ಬಿಟ್ಟೆಯಂತೆ. ಅವನು ಆಫೀಸಿಗೆ ಹೋಗಿದ್ದಾಗ ವಂಡಿ ತಗೊಂಡು ಹೊರಟೆಯಂತೆ. ನಾನು ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಕಾಲ ಅದು. ದಿನಾ ಸಾಯಂಕಾಲ ಬಂದು ಮಂಚದ ಪಕ್ಕ ಕೂತು ಪೇಪರ್ ಓದ್ತಿದ್ದೆ ನೀನು. ಒಂದು ಮಾತು ಹೇಳಲಿಲ್ಲ. ಕಾಗದದಲ್ಲೂ ಹೇಳಲಿಲ್ಲ. "ತೇಜಸ್ ಏನೂ ಅನ್ನಲಿಲ್ಲ" ಅಂತ ಬರೆದೆ. ಜೊತೇಲಿ ಇಲ್ಲದವನು ಏನಂತಾನೆ?

ಹಳೇ ಚಕ್ರಗಳನ್ನ ಮಾರಬೇಡ. ನಾನು ಬಂದಾಗ ವಂಡಿಯ ವಿಷಯ ಮಾತಾಡೋಣ.

ಕಿಟ್ಟು

*

ಚೆನ್ನೈ
19 ಏಪ್ರಿಲ್ 2025

ಶ್ರೀ ಕಿಟ್ಟು ಅವರಿಗೆ ನಮಸ್ಕಾರಗಳು.

ಹನ್ನೊಂದು ವರ್ಷ ನೀವು ನನಗೆ ಬರೆದ ಹಬ್ಬದ ಕಾರ್ಡಿನಿಂದ ಹಿಡಿದು ಆಸ್ಪತ್ರೆಯ ಚೀಟಿಯ ತನಕ ಎಲ್ಲದರ ಮೇಲೂ "ಚಿ. ಸೌ." ಅಂತಿತ್ತು. ಈ ಸಲ "ಸೌ." ಇಲ್ಲ. "ಮಾವ"ನೂ ಇಲ್ಲ, ಬರೀ ಕಿಟ್ಟು. ಅರ್ಥವಾಯಿತು. ಮಗನ ಹೆಂಡತಿ ಅಲ್ಲದ ಮೇಲೆ ನಾನು ಯಾರು?

ಹೌದು, ಹೇಳಲಿಲ್ಲ. ಹೇಳದೆ ಇದ್ದಿದ್ದಕ್ಕೆ ಕಾರಣ ಇದೆ, ಅದನ್ನ ಈಗಲೂ ಹೇಳಲ್ಲ. ನಾವಿಬ್ಬರೂ ಜಗಳ ಆಡಿ ಬೇರೆಯಾದವರಲ್ಲ. ಜಗಳ ಆಡೋಕೂ ಏನೂ ಉಳಿದಿರಲಿಲ್ಲ. ಈಗ ನಾನಿರೋದು ರಾಯಪುರಂನಲ್ಲಿ, ಮಹಡಿಯ ಮೇಲೆ ಎರಡು ಕೋಣೆ. ಕಿಟಕಿಯಿಂದ ಹಾರ್ಬರ್ ಕ್ರೇನುಗಳು ಕಾಣುತ್ತವೆ. ಜಯಪ್ರಕಾಶರ ಶೆಡ್ ಹತ್ತಿರ ಅಂತಲೇ ಅಲ್ಲಿ ಮನೆ ಹುಡುಕಿದೆ. ಕಾರು ರಾತ್ರಿ ನಿಲ್ಲೋದು ಅಲ್ಲೇ, ಅದರ ಹತ್ತಿರ ಇರೋಣ ಅಂತ.

ಹಳೇ ಚಕ್ರಗಳು ಹೋದವು. ಕೊಯಮತ್ತೂರಿನವರೊಬ್ಬರು ಮಾರ್ಚ್‌ನಲ್ಲೇ ಒಯ್ದರು. ನಿಮ್ಮ ಮಾತು ತಡವಾಗಿ ಬಂತು.

ಕಾರು ನಿಮ್ಮದು. ಜೂನ್‌ನಲ್ಲಿ ಅಡ್ಯಾರಿನ ಮನೆ ಬಾಗಿಲಿಗೆ ತಂದು ನಿಲ್ಲಿಸಿ, ಕೀ ನಿಮ್ಮ ಕೈಗೆ ಕೊಟ್ಟು ಹೋಗ್ತೀನಿ.

ವಿಭಾ

*

ಮೈಸೂರು
26 ಏಪ್ರಿಲ್ 2025

ಚಿ. ವಿಭಾಗೆ ಆಶೀರ್ವಾದಗಳು.

ನಿನ್ನ ಕಾಗದವನ್ನ ಪ್ರೇಮಳಿಗೆ ಕೊಟ್ಟೆ. ಅವಳು ಓದಿ, ಕನ್ನಡಕ ತೆಗೆದಿಟ್ಟು, ನನ್ನ ಎದುರಿಗೇ ತೇಜುಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದಳು. "ನೀನು ಏನು ಮಾಡಿದೆ ಅಂತ ಹೇಳಪ್ಪ, ಅವಳು ಏನು ಮಾಡಿದಳು ಅಂತ ಆಗಲೇ ಹೇಳಿದ್ದೀಯಲ್ಲ" ಅಂದಳು.

ಅವನು ಮುಚ್ಚಿಡಲಿಲ್ಲ. ನನ್ನ ಆಪರೇಷನ್ ಆದ ವಾರವೇ ವಂಡಿ ಮಾರೋಕೆ ಜನ ಕರೆದಿದ್ದನಂತೆ. ಅವರು ಬಂದು ಬಾನೆಟ್ ಎತ್ತಿ ನೋಡುವಾಗ ನೀನು ಆಸ್ಪತ್ರೆಯಿಂದ ಬಂದೆಯಂತೆ. ಮರುದಿನ ವಂಡಿಯೂ ಇಲ್ಲ, ನೀನೂ ಇಲ್ಲ.

"ಅಪ್ಪ ಇನ್ನು ಓಡಿಸೋಕಾಗಲ್ಲ ಅತ್ತೆ. ನಿಂತು ತುಕ್ಕು ಹಿಡಿಯೋದನ್ನ ಅವರು ನೋಡಬಾರದು ಅಂತ ಮಾಡಿದೆ" ಅಂದ. ಅಳ್ತಿದ್ದ ಅನ್ಸುತ್ತೆ. ಕೆಟ್ಟವನಲ್ಲ ಅವನು. ಕೇಳದೆ ಒಳ್ಳೇದು ಮಾಡೋ ಜಾತಿ. ನೀನು ಕೇಳಿ, ಬೇಡ ಅಂದರೂ ಮಾಡೋ ಜಾತಿ. ನಿಮ್ಮಿಬ್ಬರನ್ನೂ ಒಂದೇ ಮನೇಲಿ ಇಟ್ಟ ದೇವರಿಗೆ ಏನು ಹೇಳೋದು.

ನನ್ನ ಮಗ ಹೀಗೆ ಮಾಡಿದ ಅಂತ ನನಗೆ ಗೊತ್ತಾಗಬಾರದು ಅಂತ ನೀನು ಬಾಯಿ ಮುಚ್ಚಿಕೊಂಡಿದ್ದೆ. ಅದನ್ನ ನಾನು ಕಳ್ಳತನ ಅಂತ ಓದಿದೆ.

"ಸೌ." ವಿಷಯ. ಹೋದ ಸಲ ಸಿಟ್ಟಲ್ಲೇ ಬಿಟ್ಟೆ, ಸುಳ್ಳು ಹೇಳಲ್ಲ. ಇವತ್ತೂ ಬರೆದಿಲ್ಲ, ನೋಡಿದೆಯಾ? ಇವತ್ತು ಸಿಟ್ಟಿಲ್ಲ. ತೇಜುಗೆ ಬರೆದರೆ "ಚಿ. ತೇಜಸ್" ಅಂತೀನಿ. ನಿನಗೂ ಅಷ್ಟೇ.

ಕೀ ಗೀ ಕೊಡೋ ಮಾತು ಬೇಡ. ಜೂನ್ ಐದಕ್ಕೆ ಚೆಕಪ್. ಆರನೇ ತಾರೀಕು ಬೆಳಿಗ್ಗೆ ವಂಡಿ ತಗೊಂಡು ಅಡ್ಯಾರಿಗೆ ಬಾ. ನಾನು ಓಡಿಸ್ತೀನಿ.

ಕಿಟ್ಟು ಮಾವ

*

ಚೆನ್ನೈ
4 ಮೇ 2025

ಮಾವನವರಿಗೆ ನಮಸ್ಕಾರ.

ಬರ್ತೀನಿ. ಟ್ಯಾಂಕ್ ತುಂಬಿಸಿಕೊಂಡು ಬರ್ತೀನಿ.

ನಿನ್ನೆ ಸಾಯಂಕಾಲ ಬೇಸಿಗೆ ಮಳೆ ಹೊಡೆಯಿತು. ಬೀಚ್ ರೋಡಿನಲ್ಲಿ ನೀರು ನಿಂತ ಕಡೆ ಮುಂಭಾಗ ಒಂದು ಕ್ಷಣ ತೇಲಿತು. ನೀವು ಹೇಳಿದ ತೆಪ್ಪ ಅದೇ ಇರಬೇಕು. ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು ಕಾದೆ, ಮತ್ತೆ ನೆಲ ಸಿಕ್ಕಿತು. ನಿಮಗೆ ಹೇಳಬಾರದು ಅಂತಿದ್ದೆ. ಹೇಳದೆ ಇಡೋದು ಸಾಕು ಅನ್ನಿಸಿ ಬರೆದೆ.

ವಿಭಾ

*

ಮೈಸೂರು
15 ಜೂನ್ 2025

ಚಿ. ವಿಭಾಗೆ ಆಶೀರ್ವಾದಗಳು.

ಅವತ್ತು ಪೂರ್ತಿ ನೀನು ಮಾತಾಡಿದೆ, ನಾನು ತಲೆ ಆಡಿಸಿದೆ. ನನ್ನ ಪಾಲಿನ ಮಾತು ಇಲ್ಲಿದೆ.

ಗೇಟಿನ ಹತ್ತಿರ ನೀನು ವಂಡಿ ನಿಲ್ಲಿಸಿ ಇಳಿದಾಗ ನಾನು ಮೊದಲು ನೋಡಿದ್ದು ಟೈರು. ದಪ್ಪ ಶೂ ಹಾಕಿಕೊಂಡ ಹಾಗಿತ್ತು. ಹಿಂದೆ ಹೋಗಿ ಎಡಗಡೆ ಅಂಚಿನ ಕೆಳಗೆ ಬೆರಳಿಟ್ಟೆ. ನೀನು ಬೇರೆ ಕಡೆ ನೋಡಿದೆ. ಮೇಲೆ ಬಾಲ್ಕನಿಯಲ್ಲಿ ತೇಜು ನಿಂತಿದ್ದ. ನೀನು ಅವನಿಗೆ ತಲೆ ಬಾಗಿಸಿದೆ, ಅವನೂ ಬಾಗಿಸಿದ. ಅಷ್ಟಾದರೂ ಉಳಿದಿದೆ ಅಂತ ಸಮಾಧಾನ.

ನಾನು ಓಡಿಸೋ ಸೀಟಿನಲ್ಲಿ ಕೂತೆ. ಎಂಜಿನ್ ಹತ್ತಿತು. ಗೋಡೆ ಹತ್ತಿರ ಇತ್ತು, ಸ್ಟೀರಿಂಗ್ ಪೂರ್ತಿ ಬಲಕ್ಕೆ ಎಳೆದು ಹೊರಗೆ ತೆಗೀಬೇಕು. ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ಬಲಗೈ ಭುಜದಿಂದ ಕೆಳಗೆ ಯಾರದೋ ಕೈ ಹಾಗೆ ಜಾರಿ ತೊಡೆ ಮೇಲೆ ಬಿತ್ತು.

ಕತ್ತಿನಲ್ಲಿ ಗಡ್ಡೆ ತೆಗೆಯುವಾಗ ಭುಜದ ನರ ಸೋತುಹೋಗಿದೆ. ಡಾಕ್ಟರು ವ್ಯಾಯಾಮ ಹೇಳಿದ್ದರು, ನಾನು ಹೋಗಲಿಲ್ಲ. ಅಂಗಿ ಹಾಕ್ಕೊಳ್ಳೋಕೆ ಪ್ರೇಮ ತೋಳು ಎತ್ತಬೇಕು. ಇದನ್ನ ಆಸ್ಪತ್ರೆಯಲ್ಲಿ ನೋಡಿದವನು ತೇಜು ಒಬ್ಬನೇ. ಅದಕ್ಕೇ ಅವನು ಹಾಗೆ ಮಾಡಿದ. ಸಣ್ಣ ಟೈರಿದ್ದರೆ ಎಡಗೈಯೊಂದರಲ್ಲೇ ಹೇಗೋ ತಿರುಗಿಸ್ತಿದ್ದೆ, ಯಾರಿಗೂ ಗೊತ್ತಾಗ್ತಿರಲಿಲ್ಲ. "ಬೇಡ" ಅಂತ ಬರೆದಾಗ ಶೋಲಾವರಂ ಕಥೆ ಹೇಳಿದೆ. ಭುಜದ ಕಥೆ ಹೇಳಲಿಲ್ಲ.

ನೀನು ಬಾಗಿಲು ತೆಗೆದು ಕೂಗಿದೆ ನೋಡು, "ಇದನ್ನ ಮೊದಲೇ ಬರೆದಿದ್ದರೆ ಆ ಚಕ್ರ ನಾನು ಮುಟ್ತಿದ್ದೆನಾ? ಯಾಕೆ ಮಾವ ಹೀಗೆ ಮಾಡ್ತೀರಿ ಎಲ್ಲರೂ?" ಬೀದಿಯವರೆಲ್ಲ ನೋಡಿದರು. ಹಾಲಿನವನು ಸೈಕಲ್ ನಿಲ್ಲಿಸಿಬಿಟ್ಟ. ನನಗೆ ಇಳಿದು ಮನೆಯೊಳಗೆ ಹೋಗೋಣ ಅನ್ನಿಸಿತು. ಹೋಗ್ತಿದ್ದೆ. ಆದರೆ ನೀನು "ಆ ಕಡೆ ಸರೀರಿ" ಅಂದೆ. ಸೊಸೆ ಅಂದ ಹಾಗಿರಲಿಲ್ಲ, ಹಾರ್ಬರ್‌ನಲ್ಲಿ ನಮ್ಮ ಮೇಸ್ತ್ರಿ ಅಂದ ಹಾಗಿತ್ತು. ಸರಿದೆ.

ಮುಟ್ಟುಕಾಡು ದಾಟಿ ಆ ನೇರ ರೋಡಿಗೆ ಬಂದು ನೀನು ನಿಲ್ಲಿಸಿದೆ. "ಉರುಳೋಕೆ ಶುರುವಾದ ಮೇಲೆ ಸ್ಟೀರಿಂಗ್ ಹಗುರ ಮಾವ. ನೇರಕ್ಕೆ ನೀವು ಓಡಿಸಿ. ಗೇರ್ ನಾನು ಹಾಕ್ತೀನಿ. ತಿರುಗಿಸಬೇಕಾದಾಗ ನಿಲ್ಲಿಸಿ, ಜಾಗ ಬದಲಾಯಿಸೋಣ" ಅಂದೆ. ಇಂಥ ಅವಮಾನ ಬೇಡ ಅಂತ ಮನಸ್ಸು ಹೇಳ್ತಿತ್ತು. ಕಾಲು ಆಗಲೇ ಕ್ಲಚ್ ಮೇಲಿತ್ತು.

ಎಡಗೈ ಸ್ಟೀರಿಂಗ್ ಬಿಡೋ ಹಾಗಿಲ್ಲ, ಬಾಯಲ್ಲಿ "ಗೇರ್" ಅನ್ನೋಕೆ ಧ್ವನಿ ಇಲ್ಲ. ನಾನು ಕ್ಲಚ್ ಒತ್ತಿದ ತಕ್ಷಣ ನಿನ್ನ ಕೈ ಗೇರ್ ಹಾಕಿಬಿಡ್ತಿತ್ತು. ಎರಡು, ಮೂರು, ನಾಲ್ಕು. ಒಂದು ಸಲವೂ ಹಲ್ಲು ಕಿರುಗುಟ್ಟಲಿಲ್ಲ. ಎಂಜಿನ್ ಶಬ್ದ ಕೇಳಿಯೇ ನಾನು ಯಾವಾಗ ಒತ್ತುತ್ತೀನಿ ಅಂತ ನಿನಗೆ ಗೊತ್ತಾಗ್ತಿತ್ತು. ಗಾಳಿ ಹೊಡೀತಿತ್ತು. ನಿನ್ನ ಕಡೆ ನೋಡಿದೆ. ನೀನು ರೋಡು ನೋಡ್ತಿದ್ದೆ, ಕಾಲು ಅಲ್ಲಾಡಿಸ್ತಿರಲಿಲ್ಲ.

ಆ ದೊಡ್ಡ ಬಾಗಿನಲ್ಲಿ ವೇಗ ಇಳಿಸಲಿಲ್ಲ ನಾನು, ಬೇಕಂತಲೇ. ನೋಡೋಣ ಅಂತ. ವಂಡಿ ರೋಡಿಗೆ ಮೊಳೆ ಹೊಡೆದ ಹಾಗೆ ಕಚ್ಚಿಕೊಂಡೇ ತಿರುಗಿತು. ನೀನು ಕೇಳಿಲ್ಲ, ಆದರೂ ಹೇಳ್ತೀನಿ. ಚೆನ್ನಾಗಿದೆ. ಮಳೆಯಲ್ಲಿ ನಿಧಾನ ಹೋಗು.

ಮನೆಗೆ ಬಂದಮೇಲೆ ತೇಜುಗೆ ಚೀಟಿ ಬರೆದೆ, "ಓಡಿಸಿದೆ" ಅಂತ. ಅವನು ಓದಿ ಜೇಬಿಗೆ ಹಾಕ್ಕೊಂಡ.

ವ್ಯಾಯಾಮಕ್ಕೆ ಹೋಗು ಅಂತ ನೀನೂ ಡಾಕ್ಟರೂ ಸೇರಿ ಹೇಳಿದಿರಿ. ಇಲ್ಲಿ ಪ್ರೇಮಳಿಗೆ ನನ್ನನ್ನ ದಿನಾ ಕರೆದುಕೊಂಡು ಹೋಗೋಕಾಗಲ್ಲ, ಅವಳ ಮಂಡಿನೋವು ಅವಳಿಗೆ. ಅಡ್ಯಾರಿನಲ್ಲಿ ತೇಜು ಬೆಳಿಗ್ಗೆ ಹೋದರೆ ಬರೋದು ಕತ್ತಲಾದ ಮೇಲೆ. ನೋಡೋಣ.

ಕಿಟ್ಟು ಮಾವ

*

ಚೆನ್ನೈ
22 ಜೂನ್ 2025

ಮಾವ,

ನೋಡೋಣ ಅನ್ನೋದೇನೂ ಇಲ್ಲ. ನಮ್ಮ ಬೀದಿಯ ಕೊನೆಯಲ್ಲೇ ಭುಜದ ವ್ಯಾಯಾಮ ಮಾಡಿಸೋ ಒಬ್ಬ ಡಾಕ್ಟರಮ್ಮ ಇದ್ದಾರೆ, ಮಾತಾಡಿ ಬಂದೆ. ಮೂರು ತಿಂಗಳು ಬಿಡದೆ ಬಂದರೆ ತೋಳು ಎದೆಮಟ್ಟಕ್ಕಾದರೂ ಏಳಬಹುದು, ಭರವಸೆ ಕೊಡಲ್ಲ ಅಂದರು. ಮುಂದಿನ ಕೋಣೆ ಖಾಲಿ ಮಾಡಿದ್ದೀನಿ. ಮೆಟ್ಟಿಲು ಕಡಿದಾಗಿದೆ, ನಿಧಾನ ಹತ್ತಬೇಕು. ಜಯಪ್ರಕಾಶ್ ಈಗಿರೋದಕ್ಕಿಂತ ದೊಡ್ಡ ಸ್ಟೀರಿಂಗ್ ಚಕ್ರವೊಂದನ್ನ ಹುಡುಕಿದ್ದಾರೆ, ಸುತ್ತಳತೆ ಹೆಚ್ಚಿದಷ್ಟೂ ತಿರುಗಿಸೋಕೆ ಹಗುರವಂತೆ. ಅದು ಸಾಲದಿದ್ದರೆ ಇನ್ನೇನಾದರೂ ಮಾಡ್ತೀನಿ. ನಾನು ಸುಮ್ಮನಿರೋಳಲ್ಲ, ನಿಮಗೆ ಗೊತ್ತು.

ತೇಜಸ್‌ಗೆ ಫೋನ್ ಮಾಡಿದೆ. ಎಂಟು ತಿಂಗಳ ಮೇಲೆ ಮೊದಲ ಸಲ. "ಅಪ್ಪ ಕೆಲವು ದಿನ ರಾಯಪುರಂನಲ್ಲಿ ಇರ್ತಾರೆ" ಅಂದೆ. "ಭಾನುವಾರ ಬಂದು ನೋಡಬಹುದಾ?" ಅಂತ ಕೇಳಿದರು. ಕೇಳಿದರು ಮಾವ! ಬನ್ನಿ ಅಂದೆ. ಅವರೂ ನಾನೂ ಮತ್ತೆ ಒಂದಾಗ್ತೀವಿ ಅಂತ ಇದರಿಂದ ಅಂದುಕೊಳ್ಳಬೇಡಿ. ಅದು ಮುಗಿದ ವಿಷಯ.

ಮನೆ ಓನರಮ್ಮನಿಗೂ ಹೇಳಬೇಕಿತ್ತು. ಒಂಟಿ ಹೆಂಗಸು ಅಂತ ಬಾಡಿಗೆಗೆ ಕೊಡುವಾಗಲೇ ನೂರು ಪ್ರಶ್ನೆ ಕೇಳಿದ್ದರು. ಬರೋರು ಯಾರು ಅಂದರು. ಮಾವ, ಗಂಡನ ಅಪ್ಪ ಅಂದೆ. ಕಣ್ಣರಳಿಸಿದರು.

"ಪುರುಷನ್ ಇಲ್ಲೆ, ಮಾಮನಾರ್ ಮಟ್ಟುಮಾ?" ಗಂಡ ಇಲ್ಲ, ಮಾವ ಮಾತ್ರವಾ?

"ಆಮಾ" ಅಂದೆ. "ಮಾಮನಾರ್ ಮಟ್ಟುಂ."

ಹಾಗಾದರೆ ನೀರಿನ ಬಿಂದಿಗೆ ಇನ್ನೊಂದು ಹೆಚ್ಚಿಗೆ ಬೇಕಾಗುತ್ತಲ್ಲ, ಹಿಡಿದಿಡ್ತೀನಿ ಅಂದರು.

ಜುಲೈ ಮೊದಲ ಶನಿವಾರದ ರೈಲಿಗೆ ಬನ್ನಿ, ಸೆಂಟ್ರಲ್‌ಗೆ ವಂಡಿ ತರ್ತೀನಿ. ಒಂದೇ ಪೆಟ್ಟಿಗೆ ತನ್ನಿ. ನಮ್ಮಿಬ್ಬರ ಮೇಲೆ ಅದಕ್ಕಿಂತ ಹೆಚ್ಚು ಹಿಡಿಸಲ್ಲ.

ವಿಭಾ